ನಾಯಿ ಹೇಳಿದ್ದು, ನಾವು ಕೇಳಿಸಿಕೊಂಡದ್ದು

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಸರಾಗವಾಗಿ ಹೋಗದಿದ್ದರೆ ಲೇಸರ್ ಮಾಡಿಸಿಕೊಳ್ಳುವುದೇ ಸರಿ ಎಂಬ ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅರವತ್ತು ದಾಟಿದವರು ನಾಲ್ಕು ಜನ ಸೇರಿದ ಕಡೆ ಈ ವಿಷಯ ಬಂದರೆ ಸಲಹೆ ಒಂದೇ: ಹಳೇ ಆಪರೇಷನ್ ಬೇಡ, ಲೇಸರ್ ಮಾಡಿಸಿ, ಕೊಯ್ಯುವುದಿಲ್ಲ, ರಕ್ತ ಹೋಗುವುದಿಲ್ಲ, ಮರುದಿನ ಮನೆಗೆ ಬರಬಹುದು. ನಮ್ಮ ನಗರಗಳ ಖಾಸಗಿ ಆಸ್ಪತ್ರೆಗಳ ಜಾಹೀರಾತುಗಳು ಹೇಳುವುದೂ ಇದನ್ನೇ. ಯಾರಾದರೂ ಅನುಮಾನಪಟ್ಟರೆ ಉತ್ತರ ಸಿದ್ಧವಾಗಿರುತ್ತದೆ: ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ತಾನೆ ಮನುಷ್ಯರಿಗೆ ತಂದದ್ದು?

ನನ್ನ ತಕರಾರಿರುವುದು ಈ ಕೊನೆಯ ಉತ್ತರದ ಬಗ್ಗೆ. ಮೇಲ್ನೋಟಕ್ಕೆ ಅದು ವಿಜ್ಞಾನದ ಮಾತಿನಂತೆ ಕೇಳಿಸುತ್ತದೆ, ಆದ್ದರಿಂದ ಯಾರೂ ಎದುರಾಡುವುದಿಲ್ಲ. ಆದರೆ ಪ್ರಾಸ್ಟೇಟ್ ಲೇಸರಿನ ಮೊದಲ ಹತ್ತು ವರ್ಷಗಳ ಚರಿತ್ರೆಯನ್ನು ತೆಗೆದು ನೋಡಿ. ನಾಯಿಗಳಲ್ಲಿ ಸೊಗಸಾಗಿ ಗೆದ್ದ ವಿಧಾನವೇ ಗಂಡಸರಲ್ಲಿ ಸೋತು ಮೂಲೆ ಸೇರಿತು. ನಾಯಿ ಕೊಟ್ಟ ಉತ್ತರ ಸುಳ್ಳಾಗಿರಲಿಲ್ಲ. ಆ ಉತ್ತರವನ್ನು ನಾಯಿಗೆ ಕೇಳಿಯೇ ಇರದ ಪ್ರಶ್ನೆಗೆ ತಂದು ಅಂಟಿಸಿದರು.

ಅದಕ್ಕೆ ಮುಂಚೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಬಿಡುತ್ತೇನೆ. ಕೊಯ್ಯುವುದಿಲ್ಲ ಎಂಬುದು ಲೇಸರಿಗೆ ಮಾತ್ರ ಸೇರಿದ ಗುಣವಲ್ಲ. ಜನ ‘ಹಳೇ ಆಪರೇಷನ್’ ಎನ್ನುವ ಟಿಯುಆರ್‌ಪಿಯಲ್ಲೂ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದೊಳಗಿಂದಲೇ ದುರ್ಬೀನಿನಂಥ ಸಲಕರಣೆ ತೂರಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಬೆಳೆದ ಭಾಗವನ್ನು ಚೂರುಚೂರಾಗಿ ಹೆರೆದು ಹೊರಗೆ ತೊಳೆಯುತ್ತಾರೆ. ಅಮೆರಿಕದಲ್ಲಿ 1920–30ರ ದಶಕಗಳಲ್ಲಿ ರೂಪುಗೊಂಡ ಈ ವಿಧಾನ ಇವತ್ತಿಗೂ ಬೇರೆಲ್ಲವನ್ನೂ ಅಳೆಯುವ ಕೋಲು. ಅದಕ್ಕೆ ದೋಷಗಳಿದ್ದವು, ಕಡಿಮೆಯೇನಲ್ಲ. 1989ರಲ್ಲಿ ಅಮೆರಿಕದ 3885 ರೋಗಿಗಳನ್ನು ಲೆಕ್ಕ ಹಾಕಿದಾಗ ಸಾವು ಶೇ. 0.2 ಇತ್ತು, ಆದರೆ ಒಂದಲ್ಲ ಒಂದು ತೊಡಕು ಅನುಭವಿಸಿದವರು ಶೇ. 18. ರಕ್ತಸ್ರಾವ ಒಂದು ತೊಡಕಾದರೆ, ತೊಳೆಯಲು ಬಳಸುವ ಗ್ಲೈಸಿನ್ ದ್ರಾವಣ ರಕ್ತಕ್ಕೆ ಸೇರಿ ಸೋಡಿಯಂ ಕುಸಿಯುವುದು ಇನ್ನೊಂದು. ಅಂಥ ಹೊತ್ತಿನಲ್ಲಿ ರೋಗಿ ಗೊಂದಲಕ್ಕೊಳಗಾಗಿ, ಕೆಲವೊಮ್ಮೆ ಪ್ರಜ್ಞೆ ತಪ್ಪುವವರೆಗೂ ಹೋಗುತ್ತಿತ್ತು. ಲೇಸರ್ ಬೇಕೆಂದು ಹುಡುಕಿದವರಿಗೆ ಇದ್ದದ್ದು ನಿಜವಾದ ಕಾರಣವೇ.

1991–92ರ ಹೊತ್ತಿಗೆ ಆ ಹುಡುಕಾಟ ನಾಯಿಗಳ ಹತ್ತಿರ ಬಂತು. ಮ್ಯಾಸಚೂಸೆಟ್ಸ್‌ನ ಲಾಹೀ ಕ್ಲಿನಿಕ್ಕಿನಲ್ಲಿ ರಾಬರ್ಟ್ ರಾಥ್ ಮತ್ತು ಥಾಮಸ್ ಆರೆಟ್ಸ್ ಅಲ್ಟ್ರಾಸೌಂಡ್ ನೋಡಿಕೊಂಡು ಲೇಸರ್ ಬಿಡುವ ಸಲಕರಣೆಯನ್ನು ನಾಯಿಗಳಲ್ಲಿ ಪರೀಕ್ಷಿಸಿದರು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರದಲ್ಲಿ ಡಗ್ಲಸ್ ಜಾನ್ಸನ್ ಮತ್ತು ಅವರ ಜೊತೆಗಾರರು ನಾಯಿಗಳ ಪ್ರಾಸ್ಟೇಟಿಗೆ ಲೇಸರ್ ಹಾಯಿಸಿ, ವಾರದಿಂದ ವಾರಕ್ಕೆ ಗ್ರಂಥಿಯೊಳಗೆ ಏನಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಳಸಿದ್ದು ನಿಯೋಡಿಮಿಯಂ ಯಾಗ್ ಎಂಬ ಹರಳಿನಿಂದ ಹೊರಡುವ 1064 ನ್ಯಾನೋಮೀಟರ್‌ನ ಅದೃಶ್ಯ ಕಿರಣ. ಇದನ್ನು ನೀರಾಗಲಿ ರಕ್ತವಾಗಲಿ ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಆದ್ದರಿಂದ ಅದು ಅಂಗಾಂಶದೊಳಕ್ಕೆ ಆಳವಾಗಿ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್‌ವರೆಗೂ ಇಳಿದು ಒಳಗಿನಿಂದ ಬೇಯಿಸುತ್ತದೆ.

ಸಲಕರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೆಳ್ಳನೆಯ ಗಾಜಿನ ಎಳೆ, ಅದರ ತುದಿಯಲ್ಲಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಪುಟ್ಟ ಪ್ರತಿಫಲಕ. ಅದೃಶ್ಯ ಕಿರಣ ಎಲ್ಲಿ ಬೀಳುತ್ತಿದೆ ಎಂದು ತೋರಿಸಲು ಜೊತೆಗೊಂದು ಬೇರೆ ಬಣ್ಣದ ಚುಕ್ಕೆ ಬೆಳಕು. ಮೂತ್ರನಾಳವನ್ನು ಗಡಿಯಾರದ ಮುಖವೆಂದುಕೊಂಡು ಎರಡು, ನಾಲ್ಕು, ಎಂಟು, ಹತ್ತು ಗಂಟೆಯ ಜಾಗಗಳಿಗೆ ಒಂದೊಂದಕ್ಕೆ 60 ವಾಟ್‌ನಂತೆ 60 ಸೆಕೆಂಡು, ಇಲ್ಲವೇ 40 ವಾಟ್‌ನಂತೆ 90 ಸೆಕೆಂಡು ಹಿಡಿದರೆ ಕೆಲಸ ಮುಗಿಯಿತು. ಗೋಡೆ ಬೆಳ್ಳಗೆ ಬೆಂದಂತೆ ಕಾಣುತ್ತದೆ. ರಕ್ತ ಬರುವುದಿಲ್ಲ. ಟಿಯುಆರ್‌ಪಿಯಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಳ್ಳಬೇಕಾದ ಕೆಲಸ ಇಲ್ಲಿ ಕೆಲವು ನಿಮಿಷಗಳ ಮಾತು.

ನಾಯಿಗಳಲ್ಲಿ ಮುಂದೇನಾಯಿತು? ಬೆಂದ ಭಾಗ ಸತ್ತಿತು, ಮೆತ್ತಗಾಯಿತು, ಕೆಲವೇ ವಾರಗಳಲ್ಲಿ ಕರಗಿ ಹೋಯಿತು. ಇದ್ದ ಜಾಗದಲ್ಲಿ ನುಣುಪಾದ ದೊಡ್ಡ ಪೊಳ್ಳು ಉಳಿದು, ಅದರ ಮೇಲೆ ಹೊಸ ಪೊರೆ ಬಂತು. ಇದಕ್ಕಿಂತ ಒಳ್ಳೆಯ ಚಿತ್ರವನ್ನು ಯಾವ ಶಸ್ತ್ರಚಿಕಿತ್ಸಕ ಬಯಸಿಯಾನು? ಮೆಲ್ಬರ್ನ್‌ನಲ್ಲಿ ಆಂಟನಿ ಕೊಸ್ಟೆಲ್ಲೊ 1992ರಲ್ಲಿಯೇ ರೋಗಿಗಳ ವರದಿ ಪ್ರಕಟಿಸಿದರು, ಅಮೆರಿಕದಲ್ಲೂ ವಿಧಾನ ಬೇಗ ಹಬ್ಬಿತು. ಟಿಯುಆರ್‌ಪಿಯ ಕಾಲ ಮುಗಿಯಿತು ಎಂದು ಮಾತಾಡುವವರಿಗೂ ಕೊರತೆಯಿರಲಿಲ್ಲ.

ಗಂಡಸರಲ್ಲಿ ಆ ಪೊಳ್ಳು ಹಾಗೆ ಬರಲಿಲ್ಲ. ಸತ್ತ ಅಂಗಾಂಶ ಅಲ್ಲೇ ಜೋತುಬಿದ್ದು, ಊದಿ, ಮೊದಲಿಗಿಂತ ಹೆಚ್ಚಾಗಿ ದಾರಿ ಕಟ್ಟಿತು. ಒಂದೆರಡು ದಿನಕ್ಕೆ ತೆಗೆಯಬೇಕಾಗಿದ್ದ ಕ್ಯಾತಿಟರ್ ಪೈಪನ್ನು ಅನೇಕರು ವಾರಗಟ್ಟಲೆ ಕಟ್ಟಿಕೊಂಡು ತಿರುಗಬೇಕಾಯಿತು. ತೆಗೆದ ಮೇಲೂ ಉರಿ, ಅವಸರ, ಮೂತ್ರದಲ್ಲಿ ಚೂರುಚೂರಾಗಿ ಉದುರುವ ಕೊಳೆತ ಅಂಗಾಂಶ. ಕೆಲವರು ಕೊನೆಗೆ ಅದೇ ಹಳೇ ಟಿಯುಆರ್‌ಪಿಗೆ ಮರಳಿದರು. ಲೇಸರ್ ಮಾಡಿಸಿಕೊಂಡರೆ ಸಲೀಸು ಎಂದು ನಂಬಿ ಬಂದವನಿಗೆ ತೊಡೆಗೆ ಚೀಲ ಕಟ್ಟಿಕೊಂಡು ಮೂರು ವಾರ ಮನೆಯಲ್ಲಿ ಕೂರುವುದು ಎಂಥ ಸಂಕಟ ಎಂಬುದು ಆ ವಯಸ್ಸಿನವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮೊಮ್ಮಕ್ಕಳ ಮುಂದೆ, ಸೊಸೆಯ ಮುಂದೆ ಆ ಚೀಲವನ್ನು ಪಂಚೆಯಲ್ಲಿ ಮುಚ್ಚಿಕೊಂಡು ನಡೆಯುವ ನಾಚಿಕೆ ಯಾವ ವೈದ್ಯಕೀಯ ಕೋಷ್ಟಕದಲ್ಲೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ನಡೆದ ಕ್ಲ್ಯಾಸ್ಪ್ ಎಂಬ ತುಲನಾತ್ಮಕ ಅಧ್ಯಯನದ ಫಲಿತಾಂಶ 2000ದಲ್ಲಿ ಬಂದಾಗ ಚಿತ್ರ ಸ್ಪಷ್ಟವಾಯಿತು: ಏನೂ ಮಾಡದೆ ಕಾಯುವುದಕ್ಕಿಂತ ಈ ಲೇಸರ್ ಮೇಲು, ಆದರೆ ಟಿಯುಆರ್‌ಪಿ ಅದಕ್ಕಿಂತಲೂ ಮೇಲು. ಅಷ್ಟು ಹೊತ್ತಿಗೆ ಬಹಳಷ್ಟು ವೈದ್ಯರು ಆ ವಿಧಾನವನ್ನು ತಾವಾಗಿಯೇ ಬಿಟ್ಟಿದ್ದರು.

ಹಾಗಾದರೆ ನಾಯಿ ಮೋಸ ಮಾಡಿತೇ? ಇಲ್ಲಿ ನಾಯಿಯನ್ನು ಆರಿಸಿಕೊಂಡದ್ದೇಕೆ ಎಂದು ಮೊದಲು ನೋಡಬೇಕು. ವಯಸ್ಸಾದಂತೆ ತಾನಾಗಿಯೇ ಪ್ರಾಸ್ಟೇಟ್ ದೊಡ್ಡದಾಗುವುದು ಮನುಷ್ಯನನ್ನು ಬಿಟ್ಟರೆ ಸಾಮಾನ್ಯವಾಗಿ ಕಾಣಸಿಗುವುದು ನಾಯಿಯಲ್ಲಿ. ಬೀಜ ತೆಗೆಸದ ಗಂಡುನಾಯಿಗಳಲ್ಲಿ ವಯಸ್ಸಾದವುಗಳ ಪೈಕಿ ಬಹುಪಾಲಿಗೆ ಇದು ಇದ್ದದ್ದೇ. ಆದ್ದರಿಂದ ಆಯ್ಕೆ ಸಹಜವಾಗಿ ಕಂಡಿತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಾಯಿಯ ಪ್ರಾಸ್ಟೇಟ್ ಮೂತ್ರನಾಳದ ಸುತ್ತ ಸಮವಾಗಿ, ಹೊರಮುಖವಾಗಿ ಬೆಳೆಯುತ್ತದೆ. ಬೆಳೆದಾಗ ಅದು ಹಿಂದಿನ ಗುದನಾಳವನ್ನು ಒತ್ತುತ್ತದೆ. ಪ್ರಾಸ್ಟೇಟ್ ದೊಡ್ಡದಾದ ನಾಯಿ ಪಶುವೈದ್ಯರ ಬಳಿ ಬರುವುದು ಹೆಚ್ಚಾಗಿ ಮಲವಿಸರ್ಜನೆಗೆ ತಿಣುಕುತ್ತಿದೆ ಎಂಬ ದೂರಿನೊಂದಿಗೆ, ಮೂತ್ರ ಕಟ್ಟಿ ಬರುವುದು ಅಪರೂಪ. ಮನುಷ್ಯನಲ್ಲಿ ಇದಕ್ಕೆ ತಿರುಗುಮುರುಗು: ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳಕ್ಕೆ ಅಂಟಿಕೊಂಡೇ ಗಂಟುಗಳಾಗಿ ಬೆಳೆದು ದಾರಿಯನ್ನೇ ಹಿಸುಕುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ನಾಯಿಯ ಪ್ರಾಸ್ಟೇಟಿನಲ್ಲಿ ರಸ ಒಸರುವ ಮೆತ್ತನೆಯ ಗ್ರಂಥಿಭಾಗ ಹೆಚ್ಚು. ಗಂಡಸಿನ ಬೆಳೆದ ಪ್ರಾಸ್ಟೇಟಿನಲ್ಲಿ ನಾರು ಮತ್ತು ಸ್ನಾಯುವಿನ ಪಾಲೇ ಹೆಚ್ಚು. ಹಲಸಿನ ತೊಳೆ ಬೇಯುವುದಕ್ಕೂ ಅದರ ಬೀಜ ಬೇಯುವುದಕ್ಕೂ ಇರುವ ವ್ಯತ್ಯಾಸ ಇದು. ಬೆಂಕಿ ಒಂದೇ ಆದರೂ ಮೆತ್ತನೆಯದು ಕರಗುತ್ತದೆ, ಗಟ್ಟಿಯದು ಉಳಿದುಕೊಳ್ಳುತ್ತದೆ.

ಇನ್ನೊಂದು ಸಂಗತಿ. ಗಂಡುನಾಯಿಯ ಶಿಶ್ನದಲ್ಲಿ ಮೂಳೆಯಿದೆ, ಮೂತ್ರನಾಳ ಆ ಮೂಳೆಯ ತಳದ ಕಾಲುವೆಯಲ್ಲಿ ಹಾದುಹೋಗುತ್ತದೆ. ಗಂಡಸಿಗೆ ಬಳಸುವ ಬಾಗದ ಸಲಕರಣೆ ಆ ದಾರಿಯಲ್ಲಿ ಸಲೀಸಾಗಿ ಹೋಗುವುದಿಲ್ಲ. ಹೀಗಾಗಿ ಇಂಥ ಪ್ರಯೋಗಗಳಲ್ಲಿ ಗುದದ ಕೆಳಗೆ ಮೂತ್ರನಾಳಕ್ಕೆ ಒಂದು ಬಾಯಿ ಕೊಯ್ದೋ, ಮೂತ್ರಕೋಶವನ್ನು ತೆರೆದೋ ಒಳಗೆ ಹೋಗುವುದು ರೂಢಿ. ಪ್ರಯೋಗಕ್ಕೆ ಬರುವ ನಾಯಿಗಳಲ್ಲಿ ಬಹಳಷ್ಟು ಆರೋಗ್ಯವಂತ ಪ್ರಾಯದವು. ಅವುಗಳಿಗೆ ಮೂತ್ರದ ತೊಂದರೆಯೇ ಇರುವುದಿಲ್ಲ. ತೊಂದರೆಯಿಲ್ಲದ ಪ್ರಾಣಿಯಲ್ಲಿ ತೊಂದರೆ ಪರಿಹಾರವಾಯಿತೇ ಎಂದು ಕೇಳುವ ಮಾತೇ ಏಳುವುದಿಲ್ಲ. ಅಲ್ಲಿ ಕೇಳಲು ಸಾಧ್ಯವಿದ್ದದ್ದು ಇಷ್ಟು: ಕಿರಣ ಎಷ್ಟು ಆಳಕ್ಕೆ ಇಳಿಯಿತು, ಗ್ರಂಥಿಯ ಹೊರಕವಚ ತೂತಾಯಿತೇ, ಪಕ್ಕದ ಗುದನಾಳ ಸುಟ್ಟಿತೇ, ರಕ್ತ ಸುರಿಯಿತೇ. ಈ ಪ್ರಶ್ನೆಗಳಿಗೆ ನಾಯಿಗಳು ನಿಖರವಾಗಿ ಉತ್ತರಿಸಿದವು. ಆ ಉತ್ತರಗಳು ಮನುಷ್ಯರಲ್ಲೂ ನಿಜವಾದವು: ಕಿರಣ ಹೊರಕವಚವನ್ನು ಸುಟ್ಟು ಅನಾಹುತ ಮಾಡಲಿಲ್ಲ, ರಕ್ತ ಹೋಗಲಿಲ್ಲ.

ಈ ವ್ಯತ್ಯಾಸ ಆಗ ಗೊತ್ತಿರಲಿಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ನಾನು ಒಪ್ಪುವುದಿಲ್ಲ. ಗಂಡಸಿನ ಪ್ರಾಸ್ಟೇಟಿನಲ್ಲಿ ಬೇರೆಬೇರೆ ವಲಯಗಳಿವೆ, ಮೂತ್ರನಾಳದ ಪಕ್ಕದ ಒಂದು ಚಿಕ್ಕ ವಲಯದಲ್ಲಿ ಮಾತ್ರ ಈ ಗಂಟುಗಳು ಹುಟ್ಟುತ್ತವೆ ಎಂದು ಜಾನ್ ಮೆಕ್‌ನೀಲ್ ತೋರಿಸಿದ್ದು 1978ರಲ್ಲಿ. ನಾಯಿಯಲ್ಲಿ ಅಂಥ ವಲಯಗಳಿಲ್ಲ ಎಂಬುದೂ ರೋಗಶಾಸ್ತ್ರಜ್ಞರಿಗೆ ತಿಳಿದ ವಿಷಯ. ಲೇಸರ್ ಪ್ರಯೋಗಗಳಿಗೆ ಹತ್ತು ವರ್ಷ ಮೊದಲೇ ಎಚ್ಚರಿಕೆ ಪುಸ್ತಕದ ಕಪಾಟಿನಲ್ಲಿತ್ತು. ಅದಕ್ಕಿಂತ ಹಳೆಯ ಪಾಠವೂ ಇತ್ತು. ಫಿಲಡೆಲ್ಫಿಯಾದ ಜೆ. ವಿಲಿಯಂ ವೈಟ್ ಎಂಬ ಶಸ್ತ್ರಚಿಕಿತ್ಸಕರು 1893ರ ಸುಮಾರಿಗೆ ನಾಯಿಗಳ ಬೀಜ ತೆಗೆದಾಗ ಪ್ರಾಸ್ಟೇಟ್ ಕುಗ್ಗುವುದನ್ನು ಕಂಡು, ಗಂಡಸರಿಗೂ ಅದನ್ನೇ ಮಾಡಬಹುದೆಂದರು. 1895ರಲ್ಲಿ 111 ಗಂಡಸರ ವಿವರ ಪ್ರಕಟಿಸಿದರು. ಬಹುಪಾಲು ಜನರಲ್ಲಿ ಗ್ರಂಥಿ ಕುಗ್ಗಿತೆಂದು ಬರೆದರು, ಜೊತೆಗೆ ಸತ್ತವರ ಸಂಖ್ಯೆಯೂ ಸಣ್ಣದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಚಿಕಿತ್ಸೆ ಬಳಕೆಯಿಂದ ಹೋಯಿತು. ನಾಯಿಯಿಂದ ನೇರವಾಗಿ ಗಂಡಸಿಗೆ ಜಿಗಿದ ಆ ಧಾವಂತ ನೂರು ವರ್ಷಗಳ ನಂತರ ಮತ್ತೆ ಕಾಣಿಸಿಕೊಂಡಿತು.

ಇಷ್ಟು ಓದಿದವರು ಇನ್ನೊಂದು ದಿಕ್ಕಿಗೆ ವಾಲಿ, ಹಾಗಾದರೆ ಪ್ರಾಣಿ ಪ್ರಯೋಗವೇ ವ್ಯರ್ಥ ಎನ್ನಬಹುದು. ಪ್ರಾಣಿದಯೆಯ ಕಾಳಜಿಯಿರುವ ಅನೇಕರು ಹಾಗೆ ವಾದಿಸುತ್ತಾರೆ. ಅವರ ಕಾಳಜಿಯನ್ನು ನಾನು ಹಂಚಿಕೊಳ್ಳುತ್ತೇನೆ, ತೀರ್ಮಾನವನ್ನಲ್ಲ. ಯಾಕೆಂದರೆ ಅದೇ ನಾಯಿ, ಅದೇ ಗ್ರಂಥಿ, ಅದೇ ದಶಕ, ಇನ್ನೊಂದು ಲೇಸರ್, ಮತ್ತು ಫಲಿತಾಂಶ ಬೇರೆ. ಮಿನೆಸೋಟದ ಮೇಯೋ ಕ್ಲಿನಿಕ್ಕಿನಲ್ಲಿ ಕುಂಟ್ಸ್‌ಮನ್, ಮಾಲೆಕ್, ಬ್ಯಾರೆಟ್ ಅವರ ತಂಡ 1996–97ರಲ್ಲಿ ಹಸಿರು ಕಿರಣವನ್ನು ನಾಯಿಗಳಲ್ಲಿ ಪರೀಕ್ಷಿಸಿತು. ನಿಯೋಡಿಮಿಯಂ ಯಾಗ್‌ನ ಬೆಳಕನ್ನೇ ಕೆಟಿಪಿ ಎಂಬ ಹರಳಿನ ಮೂಲಕ ಹಾಯಿಸಿದರೆ ಅದರ ತರಂಗಾಂತರ ಅರ್ಧಕ್ಕಿಳಿದು 532 ನ್ಯಾನೋಮೀಟರ್‌ನ ಹಸಿರು ಬೆಳಕಾಗುತ್ತದೆ. ಈ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಗಬಕ್ಕನೆ ಹೀರುತ್ತದೆ. ಶಕ್ತಿಯೆಲ್ಲ ಒಂದು ಮಿಲಿಮೀಟರಿನೊಳಗೆ ಖರ್ಚಾಗಿ, ಅಂಗಾಂಶ ಬೇಯುವ ಬದಲು ಅಲ್ಲೇ ಆವಿಯಾಗುತ್ತದೆ. ಕೆಳಗೆ ಒಂದೆರಡು ಮಿಲಿಮೀಟರ್ ಮಾತ್ರ ಬೆಂದು ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಸತ್ತ ಅಂಗಾಂಶದ ರಾಶಿಯೇ ಉಳಿಯುವುದಿಲ್ಲ. ಪೊಳ್ಳು ನಾಳೆ ಬರುವುದಲ್ಲ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕಣ್ಣೆದುರು ತೆರೆದುಕೊಳ್ಳುತ್ತದೆ. 60 ವಾಟ್‌ನ ಈ ಕಿರಣವನ್ನು ಬದುಕಿರುವ ನಾಯಿಗಳಲ್ಲಿ, ಜೊತೆಗೆ ಸತ್ತ ಮನುಷ್ಯರ ಗ್ರಂಥಿಗಳಲ್ಲೂ ನೋಡಿದ ಮೇಲೆ 1998ರಲ್ಲಿ ಮೊದಲ ಹತ್ತು ರೋಗಿಗಳ ವರದಿ ಬಂತು. ಅವರ ಕ್ಯಾತಿಟರ್ ಒಂದು ದಿನದೊಳಗೆ ಹೊರಬಂದಿತ್ತು. ಮುಂದೆ 80, 120, 180 ವಾಟ್‌ಗಳ ಯಂತ್ರಗಳು ಬಂದವು. ಯುರೋಪಿನ ಗೋಲಿಯತ್ ಅಧ್ಯಯನದಲ್ಲಿ 180 ವಾಟ್‌ನ ಹಸಿರು ಲೇಸರ್ ಟಿಯುಆರ್‌ಪಿಗಿಂತ ಕಡಿಮೆಯಲ್ಲ ಎಂದು 2014ರಲ್ಲಿ ಕಂಡುಬಂತು.

ಎರಡೂ ಸಲ ಸಾಕ್ಷಿ ಹೇಳಿದ್ದು ನಾಯಿಯೇ. ಮೊದಲ ಸಲ ಪೊಳ್ಳು ಬರಬೇಕಾದರೆ ದೇಹ ಸತ್ತ ಅಂಗಾಂಶವನ್ನು ಕರಗಿಸಿ ಹೊರಹಾಕಬೇಕಿತ್ತು. ಅದು ಗ್ರಂಥಿಯ ರಚನೆ, ನಾರಿನ ಪ್ರಮಾಣ, ಗಾಯ ಮಾಯುವ ರೀತಿ ಎಲ್ಲವನ್ನೂ ಅವಲಂಬಿಸಿದ ಕೆಲಸ, ನಾಯಿಗೂ ನಮಗೂ ಅಜಗಜಾಂತರ. ಎರಡನೇ ಸಲ ಕೇಳಿದ್ದು ಬೆಳಕು ಮತ್ತು ರಕ್ತದ ನಡುವಿನ ವ್ಯವಹಾರ. ಹಿಮೋಗ್ಲೋಬಿನ್ ನಾಯಿಯದಾದರೂ ಮನುಷ್ಯನದಾದರೂ ಹಸಿರು ಬೆಳಕನ್ನು ಹೀರುವುದರಲ್ಲಿ ಭೇದ ಮಾಡುವುದಿಲ್ಲ. ಮೇಯೋ ತಂಡ ಮನುಷ್ಯರ ಗ್ರಂಥಿಯನ್ನೂ ಪಕ್ಕದಲ್ಲಿಟ್ಟು ನೋಡಿದ್ದು ಸಣ್ಣ ಜಾಣ್ಮೆಯಲ್ಲ.

ಈಗ ಜಗತ್ತಿನಾದ್ಯಂತ ಹೆಚ್ಚು ಗೌರವ ಪಡೆದಿರುವ ಲೇಸರ್ ವಿಧಾನದ ಕಥೆ ಇನ್ನೂ ಬೋಧಪ್ರದ. ಹೋಲ್ಮಿಯಂ ಲೇಸರಿನಿಂದ ಗಂಟನ್ನು ಇಡಿಯಾಗಿ ಬಿಡಿಸಿ ತೆಗೆಯುವ ಹೋಲೆಪ್. ನ್ಯೂಜಿಲೆಂಡಿನ ಟೌರಂಗ ಎಂಬ ಊರಿನಲ್ಲಿ ಪೀಟರ್ ಗಿಲ್ಲಿಂಗ್ ಮತ್ತು ಮಾರ್ಕ್ ಫ್ರಾಂಡಾರ್ಫರ್ 1990ರ ದಶಕದಲ್ಲಿ ಇದನ್ನು ಬೆಳೆಸಿದರು. ಹೋಲ್ಮಿಯಂ ಕಿರಣವನ್ನೂ ನಾಯಿಗಳಲ್ಲಿ ಪ್ರಯತ್ನಿಸಿದ್ದುಂಟು, ಅದು ಎಷ್ಟು ಕತ್ತರಿಸುತ್ತದೆ, ಎಷ್ಟು ರಕ್ತ ತಡೆಯುತ್ತದೆ ಎಂದು ತಿಳಿಯಲು. ಆದರೆ ಹೋಲೆಪ್‌ನ ಪ್ರಾಣವಿರುವುದು ಬೆಳೆದ ಗಂಟಿಗೂ ಅದನ್ನು ಸುತ್ತಿಕೊಂಡ ಒತ್ತಿಹೋದ ಗ್ರಂಥಿಗೂ ನಡುವಿನ ತೆಳುವಾದ ಪದರದಲ್ಲಿ. ಸಲಕರಣೆಯ ಮೂತಿಯಿಂದ ಗಂಟನ್ನು ಒತ್ತುತ್ತಾ, ಲೇಸರಿನಿಂದ ಅಂಟು ಬಿಡಿಸುತ್ತಾ ಆ ಪದರ ಹಿಡಿದು ಸಾಗಿದರೆ ಗಂಟು ಕಿತ್ತಳೆ ತೊಳೆಯಂತೆ ಬಿಟ್ಟು ಮೂತ್ರಕೋಶಕ್ಕೆ ಜಾರುತ್ತದೆ. ನಂತರ ಅದನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಗಂಟೇ ಕಟ್ಟದೆ ಸಮವಾಗಿ ಬೆಳೆಯುವ ನಾಯಿಯ ಗ್ರಂಥಿಯಲ್ಲಿ ಹಿಡಿದು ಸಾಗಲು ಅಂಥ ಪದರ ಸಿಗುವುದಿಲ್ಲ. ಲೇಸರ್ ಯುಗದ ಅತ್ಯಂತ ಬಾಳಿಕೆಯ ವಿಧಾನವನ್ನು ನಾಯಿಯಿಂದ ಕಲಿಯುವುದು ಸಾಧ್ಯವೇ ಇರಲಿಲ್ಲ. ಅದನ್ನು ಕಲಿಸಿದ್ದು ಗಂಡಸಿನ ಅಂಗರಚನೆ.

ನಿಜ ಹೇಳಬೇಕೆಂದರೆ ಆ ಪದರ ಲೇಸರಿಗಿಂತ ನೂರು ವರ್ಷ ಹಳೆಯ ಪರಿಚಯ. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು ಉತ್ತರ ಭಾರತದಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದು ಲಂಡನ್ನಿಗೆ ಮರಳಿದ ಐರಿಷ್ ಸರ್ಜನ್ ಪೀಟರ್ ಫ್ರೇಯರ್ 1900ರ ಡಿಸೆಂಬರಿನಲ್ಲಿ ಮೂತ್ರಕೋಶವನ್ನು ತೆರೆದು, ಅದೇ ಪದರದಲ್ಲಿ ಬೆರಳಾಡಿಸಿ ಗಂಟನ್ನು ಇಡಿಯಾಗಿ ಕಿತ್ತು ತೆಗೆದರು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ತಾನು ಮೊದಲೇ ಮಾಡಿದ್ದೆನೆಂದು ಜಗಳವಾಡಿದ್ದೂ ಉಂಟು, ಅವರ ಮಾತಿನಲ್ಲಿ ಹುರುಳಿತ್ತು. ಬೆರಳಿನ ಜಾಗಕ್ಕೆ ಗಾಜಿನ ಎಳೆ ಬಂದಿದೆ, ಹೊಟ್ಟೆಯ ದಾರಿಗೆ ಬದಲು ಮೂತ್ರನಾಳದ ದಾರಿ. ರೋಗಿಗೆ ಅದು ದೊಡ್ಡ ಲಾಭವೇ. ಆದರೆ ಫಲ ಕೊಡುತ್ತಿರುವುದು ಕಿರಣದ ಮಾಯೆ ಎಂದು ತಿಳಿದರೆ ತಪ್ಪಾಗುತ್ತದೆ. ಗಂಟನ್ನು ಪೂರ್ತಿ ತೆಗೆಯುವುದು ಫಲ ಕೊಡುತ್ತಿದೆ.

ಪ್ರಾಣಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಇನ್ನೊಂದು ಗುಂಡಿಯಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಈ ಕಾಯಿಲೆಯ ತೀವ್ರತೆಯನ್ನು ಅಳೆಯುವುದು ಏಳು ಪ್ರಶ್ನೆಗಳ ಒಂದು ಪಟ್ಟಿಯಿಂದ. ರಾತ್ರಿ ಎಷ್ಟು ಸಲ ಏಳುತ್ತೀರಿ, ಧಾರೆ ಎಷ್ಟು ಸಣ್ಣ, ಒಂದಕ್ಕೆ ಹೋಗಿ ಬಂದರೂ ಪೂರ್ತಿ ಖಾಲಿಯಾಗಿಲ್ಲ ಅನಿಸುತ್ತದೆಯೇ, ಹೀಗೆ. ಒಟ್ಟು 35 ಅಂಕ, 20 ಮುಟ್ಟಿದರೆ ತೀವ್ರ. ನಾಯಿ ಈ ಪಟ್ಟಿ ತುಂಬುವುದಿಲ್ಲ. ತುಂಬುವ ಮನುಷ್ಯನಿಗೆ ಭರವಸೆ ಎಂಬುದೊಂದಿದೆ. ಗ್ರಂಥಿಯನ್ನು ಕತ್ತರಿಸದೆ ಪಕ್ಕಕ್ಕೆಳೆದು ಕಟ್ಟುವ ಯೂರೋಲಿಫ್ಟ್ ಎಂಬ ವಿಧಾನವನ್ನು ಪರೀಕ್ಷಿಸಿದಾಗ, ಒಂದು ಪಾಲು ಜನರಿಗೆ ಸಲಕರಣೆ ತೂರಿಸಿ ಏನೂ ಮಾಡದೆ ಹೊರತೆಗೆದರು. ಮೂರು ತಿಂಗಳಲ್ಲಿ ಚಿಕಿತ್ಸೆ ಪಡೆದವರ ಅಂಕ 11.1 ಇಳಿದರೆ, ಏನೂ ಮಾಡಿಸಿಕೊಳ್ಳದವರದ್ದೂ 5.9 ಇಳಿದಿತ್ತು. ಅಂದರೆ ಹೊಸ ಯಂತ್ರ ತಂದು, ಹೋಲಿಕೆಯ ಗುಂಪಿಲ್ಲದೆ ಇಪ್ಪತ್ತು ಮೂವತ್ತು ಜನರಿಗೆ ಚಿಕಿತ್ಸೆ ಕೊಟ್ಟು, ಎಲ್ಲರೂ ಸುಧಾರಿಸಿದರು ಎಂದು ಬರೆದರೆ ಆ ಸುಧಾರಣೆಯಲ್ಲಿ ಯಂತ್ರದ ಪಾಲೆಷ್ಟು, ಭರವಸೆಯ ಪಾಲೆಷ್ಟು ಎಂದು ಹೇಳಲಾಗದು. ನಾಯಿಯಲ್ಲಿ ಸುಂದರವಾದ ಪೊಳ್ಳು, ಮನುಷ್ಯರಲ್ಲಿ ಇಳಿದ ಅಂಕ: ಎರಡು ಅರೆಸತ್ಯಗಳು ಸೇರಿ ಒಂದು ಪೂರ್ಣಸತ್ಯದಂತೆ ಕಾಣುತ್ತವೆ.

ಲೇಸರ್ ಬಿಟ್ಟು ಪಕ್ಕದ ಮನೆಯ ಉದಾಹರಣೆ ಕೊಟ್ಟರೆ ಇದು ಇನ್ನೂ ಖಚಿತವಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು ಹಿಸ್ಟೋಟ್ರಿಪ್ಸಿ ಎಂಬ ಶಬ್ದತರಂಗದ ವಿಧಾನದಿಂದ ನಾಯಿಗಳ ಪ್ರಾಸ್ಟೇಟನ್ನು ಹೊರಗಿನಿಂದಲೇ ದ್ರವವಾಗಿಸಿ ಪೊಳ್ಳು ಮಾಡಿದರು. 2018ರಲ್ಲಿ ಪ್ರಕಟವಾದ ಮಾನವ ಪ್ರಯೋಗದಲ್ಲಿ 25 ಗಂಡಸರ ಅಂಕಗಳೇನೋ ಸುಧಾರಿಸಿದವು, ಗ್ರಂಥಿಯಲ್ಲಿ ಪೊಳ್ಳು ಮಾತ್ರ ಮೂಡಲಿಲ್ಲ. ಅದೇ ನಾರು, ಅದೇ ಭರವಸೆ. ಇದಕ್ಕೆ ಎದುರಾಗಿ, ನೀರಾವಿ ಹಾಯಿಸಿ ಅಂಗಾಂಶವನ್ನು ಸಾಯಿಸಿ ದೇಹವೇ ಹೀರಿಕೊಳ್ಳಲು ಬಿಡುವ ರೆಜೂಮ್ ಎಂಬ ವಿಧಾನ ಉಳಿದುಕೊಂಡಿದೆ. ಸತ್ತ ಅಂಗಾಂಶವನ್ನು ಒಳಗೆ ಬಿಟ್ಟರೆ ಸೋಲು ಖಂಡಿತ ಎಂದು ನಾನು ವಾದಿಸಿದರೆ ಅದು ನನ್ನನ್ನು ಸುಳ್ಳಾಗಿಸುತ್ತದೆ. ಆದರೆ ರೆಜೂಮ್ ನಿಂತದ್ದು ಪ್ರಾಣಿಗಳ ಸಾಕ್ಷಿಯ ಮೇಲಲ್ಲ. 197 ಗಂಡಸರಲ್ಲಿ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿ, ಐದು ವರ್ಷ ಬೆನ್ನುಹತ್ತಿ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಶೇ. 4.4 ಎಂದು ತೋರಿಸಿದ ಮೇಲೆ.

ಇನ್ನು ಹಳತು ಕೆಟ್ಟದ್ದು, ಹೊಸತು ಒಳ್ಳೆಯದು ಎಂಬ ಮಾತು. ಲೇಸರ್ ಬೆಳೆಯುತ್ತಿದ್ದಾಗ ಟಿಯುಆರ್‌ಪಿ ಕೈಕಟ್ಟಿ ಕೂತಿರಲಿಲ್ಲ. ಈಗಿನ ಬೈಪೋಲಾರ್ ಯಂತ್ರಗಳಲ್ಲಿ ಗ್ಲೈಸಿನ್ ಬದಲು ಸಲೈನ್ ಬಳಸುತ್ತಾರೆ, ಸೋಡಿಯಂ ಕುಸಿಯುವ ಆ ಹಳೇ ಭಯ ಬಹುಮಟ್ಟಿಗೆ ಹೋಗಿದೆ. ಇವತ್ತಿನ ಲೇಸರನ್ನು 1989ರ ಟಿಯುಆರ್‌ಪಿಯೊಂದಿಗೆ ತೂಗುವುದು ನ್ಯಾಯವಲ್ಲ. ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ 410 ಗಂಡಸರನ್ನು ಸೇರಿಸಿಕೊಂಡು ಥೂಲಿಯಂ ಲೇಸರ್ ಮತ್ತು ಟಿಯುಆರ್‌ಪಿಗಳನ್ನು ಹೋಲಿಸಿದ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಒಂದು ವರ್ಷದ ನಂತರ ರೋಗಲಕ್ಷಣಗಳ ಅಂಕದಲ್ಲಿ ಎರಡೂ ಸರಿಸಮ. ಮೂತ್ರದ ಧಾರೆಯ ವೇಗದಲ್ಲಿ ಟಿಯುಆರ್‌ಪಿ ಮುಂದೆ: ಸೆಕೆಂಡಿಗೆ 23.2 ಮಿಲಿಲೀಟರ್, ಲೇಸರಿನಲ್ಲಿ 20.2. ಆಸ್ಪತ್ರೆಯಲ್ಲಿ ಕಳೆದ ಸಮಯದಲ್ಲಾಗಲಿ ತೊಡಕುಗಳಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮರುದಿನವೇ ಮನೆಗೆ ಎಂಬ ಜಾಹೀರಾತಿನ ಮಾತನ್ನು ಈ ಫಲಿತಾಂಶದ ಪಕ್ಕದಲ್ಲಿಟ್ಟು ಓದಬೇಕು.

ಲೇಸರ್ ಬೇಡ ಎಂದು ನಾನು ಹೇಳುತ್ತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗೆ ಹಸಿರು ಲೇಸರ್ ನಿಜವಾದ ಆಸರೆ. ನೂರು ಗ್ರಾಂ ದಾಟಿದ ಗ್ರಂಥಿಗೆ, ಹಿಂದೆ ಹೊಟ್ಟೆ ತೆರೆಯಬೇಕಾಗಿದ್ದ ಕಡೆ, ಕೈ ಪಳಗಿದ ಸರ್ಜನ್ ಮಾಡುವ ಹೋಲೆಪ್ ದೊಡ್ಡ ಉಪಕಾರ. ಆದರೆ ಆ ‘ಕೈ ಪಳಗಿದ’ ಎಂಬುದನ್ನು ಬಿಟ್ಟು ಓದಬಾರದು, ಹತ್ತಾರು ಆಪರೇಷನ್‌ಗಳ ನಂತರವೇ ಅದು ಒಲಿಯುವುದು. ಆವಿಯಾಗಿಸುವ ಲೇಸರಿನಲ್ಲಿ ಇನ್ನೊಂದು ಕೊರತೆಯಿದೆ, ರೋಗಿಗೆ ಅದನ್ನು ಮೊದಲೇ ಹೇಳುವವರು ವಿರಳ. ಟಿಯುಆರ್‌ಪಿಯಲ್ಲಿ ಹೆರೆದ ಚೂರುಗಳು, ಹೋಲೆಪ್‌ನಲ್ಲಿ ತೆಗೆದ ಗಂಟು, ಎರಡೂ ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಹೋಗುತ್ತವೆ, ಯಾರೂ ಶಂಕಿಸಿರದ ಕ್ಯಾನ್ಸರ್ ಕೆಲವೊಮ್ಮೆ ಅಲ್ಲಿ ಸಿಗುತ್ತದೆ. ಆವಿಯಾಗಿ ಹೋದ ಅಂಗಾಂಶವನ್ನು ಯಾರೂ ಪರೀಕ್ಷಿಸಲಾರರು. ಅದಕ್ಕೇ ಆ ದಾರಿ ಹಿಡಿಯುವ ಮುಂಚೆ ಪಿಎಸ್‌ಎ ರಕ್ತಪರೀಕ್ಷೆಯೂ ಬೆರಳು ಪರೀಕ್ಷೆಯೂ ಆಗಿರಲೇಬೇಕು. ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹಿಮ್ಮರಳುವ ತೊಂದರೆ ಟಿಯುಆರ್‌ಪಿಯಂತೆ ಹೋಲೆಪ್‌ನಲ್ಲೂ ಸಾಮಾನ್ಯ. ಲೇಸರ್ ಎಂದಾಕ್ಷಣ ಅದು ತಪ್ಪುವುದಿಲ್ಲ.

ಮತ್ತೆ ನಾಯಿಗಳ ವಿಷಯ. ಈ ಪ್ರಯೋಗಗಳಲ್ಲಿ ಅವು ಸತ್ತವು, ಯಾಕೆಂದರೆ ಗ್ರಂಥಿಯನ್ನು ಕೊಯ್ದು ನೋಡದೆ ಉತ್ತರ ಸಿಗುತ್ತಿರಲಿಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಯೋಗಗಳನ್ನು ನಿಷೇಧಿಸುವುದಿಲ್ಲ, ಆದರೆ ಸಣ್ಣ ಪ್ರಾಣಿಯಲ್ಲಿ ಅದೇ ಫಲ ಸಿಗುವುದಾದರೆ ದೊಡ್ಡ ಪ್ರಾಣಿಯನ್ನು ಬಳಸಬಾರದು ಎನ್ನುತ್ತದೆ, ಅದರ ಮೇಲುಸ್ತುವಾರಿಗೆ ಸಮಿತಿಯನ್ನೂ ಇಟ್ಟಿದೆ. ಪ್ರಯೋಗಕ್ಕೆ ಮುಂಚಿನ ಪ್ರಶ್ನೆ ಅದು, ಸರಿಯಾದದ್ದೇ. ಪ್ರಯೋಗದ ನಂತರ ಕೇಳಬೇಕಾದ ಪ್ರಶ್ನೆಗೆ ಕಾನೂನಿನಲ್ಲಿ ಜಾಗವಿಲ್ಲ: ಈ ಪ್ರಾಣಿ ಹೇಳಿದ್ದು ರೋಗಿಯಲ್ಲಿ ನಿಜವಾಯಿತೇ? 1992ರಿಂದ 2000ದವರೆಗಿನ ಎಂಟು ವರ್ಷ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವವರು ಸಿಗದಿದ್ದರಿಂದ ಎಷ್ಟೋ ಗಂಡಸರು ಚೀಲ ಕಟ್ಟಿಕೊಂಡು ವಾರಗಳನ್ನು ಎಣಿಸಿದರು.

ಹೊಸ ಲೇಸರುಗಳು ಬರುವುದು ನಿಲ್ಲುವುದಿಲ್ಲ. ಥೂಲಿಯಂ ಫೈಬರ್ ಈಗಾಗಲೇ ನಮ್ಮ ಊರುಗಳ ಆಪರೇಷನ್ ಥಿಯೇಟರಿಗೆ ಬಂದಿದೆ. ಅದನ್ನು ಕೊಂಡ ಆಸ್ಪತ್ರೆ ವಿದೇಶದ ಪ್ರಾಣಿ ಪ್ರಯೋಗವನ್ನೋ ಕಂಪನಿಯ ಕರಪತ್ರವನ್ನೋ ತೋರಿಸಿದರೆ ಸಾಲದು. ಪ್ರತಿ ರೋಗಿಗೆ ಒಂದು ಸಾಲು ಬರೆದಿಟ್ಟರೆ ಸಾಕು, ಅದಕ್ಕೆ ಯಂತ್ರದ ಬೆಲೆಯ ಸಾವಿರದ ಒಂದು ಪಾಲೂ ಬೇಡ: ಗ್ರಂಥಿಯ ತೂಕ, ಬಳಸಿದ ಲೇಸರ್, ಆಪರೇಷನ್ ಮಾಡಿದ ಸರ್ಜನ್, ಕ್ಯಾತಿಟರ್ ತೆಗೆದ ದಿನ, ಅದನ್ನು ಮತ್ತೆ ಹಾಕಬೇಕಾಯಿತೇ, ಐದು ವರ್ಷದೊಳಗೆ ಮತ್ತೆ ಆಪರೇಷನ್ ಆಯಿತೇ. ಹೊಸದಾಗಿ ಬಂದ ರೋಗಿ ಕೇಳಿದಾಗ ಆ ಪುಸ್ತಕ ತೆರೆದು ತೋರಿಸಬೇಕು.